ಕುಂಡದ ಋಣ

ಊರಿಗೆ ಹೊರಡುವ ಹಿಂದಿನ ರಾತ್ರಿ ನಾನು ಒಂದು ಚೀಟಿ ಬರೆದೆ. ಚೀಟಿ ಎಂದದ್ದು ಮರ್ಯಾದೆಗೆ. ನೋಟುಪುಸ್ತಕದ ಎರಡು ಹಾಳೆ ತುಂಬಿತ್ತು. ನಮ್ಮ ಬೆಂಗಳೂರಿನ ಮನೆಯ ತಾರಸಿಯ ಮೇಲೆ ಆಗ 41 ಕುಂಡಗಳಿದ್ದುವು. ಯಾವ ಕುಂಡಕ್ಕೆ ಎಷ್ಟು ಚೊಂಬು ನೀರು, ಬೆಳಿಗ್ಗೆಯೋ ಸಂಜೆಯೋ, ಯಾವುದನ್ನು ಬಿಸಿಲಿನಿಂದ ಸರಿಸಬೇಕು, ಯಾವುದರ ಒಣಗಿದ ಹೂವನ್ನು ಚಿವುಟಬೇಕು ಎಂಬುದನ್ನೆಲ್ಲ ಕ್ರಮವಾಗಿ ಬರೆದು, ಮರೆಯಬಾರದ ಕಡೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದ ನನ್ನಾಕೆ ಅದನ್ನು ಎತ್ತಿಕೊಂಡು ಕಡೆಯವರೆಗೂ ಓದಿದಳು. ಓದಿ, "ಅಮ್ಮನಿಗೆ ಏನು ತಗೊಂಡು ಹೋಗಬೇಕು ಅಂತ ಒಂದು ಮಾತು ಕೇಳಲಿಲ್ಲ ನೀವು. ಗಿಡಗಳಿಗೆ ಮಾತ್ರ ಉಯಿಲು ಬರೆದ ಹಾಗೆ ಬರೆದಿದ್ದೀರಿ" ಎಂದಳು.

ನಾನು ನಕ್ಕುಬಿಟ್ಟೆ. ಗಿಡ ಬೆಳೆಸುವವರಿಗೆ ಇಂಥ ಮಾತು ಹೊಸದಲ್ಲ. ಅದು ಬೈಗುಳದಂತೆ ಕಂಡರೂ ಒಳಗೆ ಒಂದು ಬಗೆಯ ಹೊಗಳಿಕೆಯೇ. ಕುಡಿಯುವವನನ್ನು, ಇಸ್ಪೀಟಾಡುವವನನ್ನು ಜನ ಬೈದರೆ ಅವನಿಗೆ ನಾಚಿಕೆಯಾಗಬಹುದು. ಆದರೆ "ಇವರಿಗೆ ಗಿಡಗಳ ಹುಚ್ಚು" ಎಂದರೆ ಯಾವ ತೋಟಗಾರನಿಗೂ ನಾಚಿಕೆಯಾದದ್ದನ್ನು ನಾನು ಕಂಡಿಲ್ಲ. ಹುಚ್ಚುಗಳಲ್ಲೆಲ್ಲ ಸಾತ್ತ್ವಿಕವಾದ ಹುಚ್ಚು ಇದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನನ್ನಲ್ಲಿಯೂ ಬೇರೂರಿತ್ತು. ಅದು ಸ್ವಲ್ಪ ಅಲುಗಾಡಿದ ಕಥೆಯನ್ನು ಹೇಳುವುದಕ್ಕಾಗಿಯೇ ಈಗ ಓದುಗರ ಒಂದಿಷ್ಟು ಹೊತ್ತನ್ನು ಕೇಳುತ್ತಿದ್ದೇನೆ.

ಆ ಚೀಟಿಯ ಹಿಂದೆ ಬರಿಯ ಹುಚ್ಚಲ್ಲ, ಒಂದು ಧರ್ಮವಿಚಾರವೂ ಇತ್ತು. ನೆಲದಲ್ಲಿರುವ ಗಿಡಕ್ಕೆ ತನ್ನದೇ ದಾರಿಯಿದೆ. ಮೇಲುಮಣ್ಣು ಒಣಗಿದರೆ ಅದರ ಬೇರು ಇನ್ನೊಂದು ಗೇಣು ಕೆಳಗಿಳಿಯುತ್ತದೆ; ಪಕ್ಕಕ್ಕೆ ಚಾಚಿ ನೆರೆಮನೆಯ ತೇವವನ್ನು ಹುಡುಕುತ್ತದೆ. ಕುಂಡದ ಗಿಡದ ಬೇರು ಎಷ್ಟು ಚಾಚಿದರೂ ಸುತ್ತ ಮಡಕೆಯ ಗೋಡೆ. ಅದು ತನ್ನ ಸುತ್ತ ತಾನೇ ಸುತ್ತಿಕೊಳ್ಳುತ್ತದೆ. ಆ ಗೋಡೆಯನ್ನು ಕಟ್ಟಿದವನು ನಾನು. ಅದರ ಸ್ವಾತಂತ್ರ್ಯವನ್ನು ಕಿತ್ತುಕೊಂಡು ನನ್ನ ಕಣ್ಣಿನ ಸಂತೋಷಕ್ಕೆ ತಾರಸಿಯ ಮೇಲೆ ನಿಲ್ಲಿಸಿದ ಮೇಲೆ, ಅದರ ಬಾಯಾರಿಕೆ ಅದರದಲ್ಲ, ನನ್ನದು. ಯಾರನ್ನು ನಾವು ನಮ್ಮ ಮೇಲೆ ಅವಲಂಬಿಸುವಂತೆ ಮಾಡಿದ್ದೇವೆಯೋ ಅವರಿಗೆ ನಾವು ಋಣಿಗಳು. ಈ ತರ್ಕದಲ್ಲಿ ನನಗೆ ಈಗಲೂ ತಪ್ಪು ಕಾಣುವುದಿಲ್ಲ. ತಪ್ಪಿದ್ದದ್ದು ಅದನ್ನು ನಾನು ಬಳಸಿಕೊಂಡ ಬಗೆಯಲ್ಲಿ.

ನಾವು ಹೊರಟದ್ದು 2025ರ ಮೇ 22ರಂದು. ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ತೀರ್ಥಹಳ್ಳಿಗೆ ಬಸ್ಸು, ಆಮೇಲೆ ಭಾವನ ಜೀಪು. ನನ್ನಾಕೆಯ ಅಣ್ಣನ ಮನೆ ಅದು. ಸುತ್ತ ಅಡಕೆ ತೋಟ, ಹಿಂದೆ ಕಾಡು. ಮಗ, ಸೊಸೆ, ಏಳು ವರ್ಷದ ಮೊಮ್ಮಗಳು, ನಾವಿಬ್ಬರು. ಶಾಲೆ ತೆರೆಯುವುದಕ್ಕೆ ಮೊದಲು ಒಂದು ವಾರ ಮಲೆನಾಡಿನಲ್ಲಿರಬೇಕೆಂದು ಜನವರಿಯಿಂದಲೇ ಏರ್ಪಾಡಾಗಿತ್ತು. ಆಗುಂಬೆಯ ಸೂರ್ಯಾಸ್ತ, ಕವಲೇದುರ್ಗದ ಕೋಟೆ, ಕುಪ್ಪಳಿಯ ಕವಿಮನೆ, ತುಂಗೆಯಲ್ಲಿ ಸ್ನಾನ ಎಂದು ಮಗ ದಿನಕ್ಕೊಂದರಂತೆ ಪಟ್ಟಿ ಮಾಡಿಕೊಂಡಿದ್ದ. ತಂದೆಯ ಚೀಟಿಯ ಚಾಳಿ ಮಗನಿಗೂ ಬಂದಿದೆ.

ಮಳೆ ಆ ಪಟ್ಟಿಯನ್ನು ಕೇಳಲಿಲ್ಲ. ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. ಆ ವರ್ಷ ಅದು ಮೇ 24ರಂದೇ ಬಂತು. 2009ರಿಂದ ಈಚೆಗೆ ಅಷ್ಟು ಬೇಗ ಬಂದದ್ದಿರಲಿಲ್ಲ. ಬಂದದ್ದು ನಿಲ್ಲಲೂ ಇಲ್ಲ. 26ರ ವೇಳೆಗೆ ಅತ್ತ ಮುಂಬಯಿಯನ್ನೂ ಇತ್ತ ಬೆಂಗಳೂರನ್ನೂ ಮುಟ್ಟಿತ್ತು. ಕೃತ್ತಿಕೆ ಕಳೆದು ರೋಹಿಣಿ ಹಿಡಿಯುವ ಹೊತ್ತಿಗೆ ನಾವಿದ್ದ ಕಡೆ ಆಷಾಢದ ಮಳೆಯೇ ಸುರಿಯುತ್ತಿತ್ತು. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವುದಿರಲಿ, ಅಲ್ಲಿಗೆ ಸೂರ್ಯನಿದ್ದಾನೆಂಬುದಕ್ಕೇ ಸಾಕ್ಷಿಯಿರಲಿಲ್ಲ. ಎರಡನೆಯ ದಿನ ಕರೆಂಟು ಹೋಯಿತು. ಮೂರನೆಯ ದಿನ ಫೋನಿನ ಸಂಪರ್ಕವೂ ಹೋಯಿತು.

ಮನೆಯವರು ಜಗಲಿಯಲ್ಲಿ ಚನ್ನೆಮಣೆ ಹಾಕಿಕೊಂಡು ಕೂತರು. ಹಲಸಿನ ಹಪ್ಪಳ ಕರಿದದ್ದು ಕರಿದಂತೆಯೇ ಮುಗಿಯಿತು. ಕಾಡುಮಾವಿನ ಹಣ್ಣಿನ ಗೊಜ್ಜು, ಕೆಸುವಿನ ಎಲೆಯ ಪತ್ರೊಡೆ ಸರದಿಯಲ್ಲಿ ಬಂದುವು. ರಜೆಯೆಂದರೆ ಇದೇ ಅಲ್ಲವೇ ಎಂದು ಯಾರಾದರೂ ಅನ್ನುವಂತಿತ್ತು. ನಾನು ಮಾತ್ರ ಫೋನನ್ನು ಕೈಯಲ್ಲಿ ಹಿಡಿದು, ಒಂದು ಗೆರೆಯಾದರೂ ಮೂಡೀತೇ ಎಂದು ಅಂಗಳದ ಈ ಮೂಲೆಯಿಂದ ಆ ಮೂಲೆಗೆ ಕೊಡೆ ಹಿಡಿದು ಓಡಾಡುತ್ತಿದ್ದೆ. ಬೆಂಗಳೂರಿನಲ್ಲಿ ಮಳೆಯೋ ಬಿಸಿಲೋ? ಕೆಲಸದಾಕೆ ತಾರಸಿ ಹತ್ತಿದಳೋ ಇಲ್ಲವೋ? ನನ್ನ ಗುಲಾಬಿಗೆ ಮೊಗ್ಗು ಬಂದಿತ್ತು. ಕಾಲಿಗೆ ಉಂಬಳ ಹತ್ತಿ ರಕ್ತ ಕುಡಿದು ಉದುರಿದ್ದೂ ನನಗೆ ತಿಳಿದಿರಲಿಲ್ಲ. ಮೊಮ್ಮಗಳು ಕಂಡು ಕೂಗಿದಾಗ ತಿಳಿಯಿತು.

ಮಗುವಿನ ಮಾತು ಬಂತು. ಮಾರನೆಯ ದಿನ ಆಕೆ ನನ್ನನ್ನು ಮನೆಯ ಹಿಂದಿನ ಹಳೆಯ ಗೋಡೆಯ ಹತ್ತಿರ ಎಳೆದುಕೊಂಡು ಹೋದಳು. ಎರಡು ದಿನದ ಮಳೆಗೆ ಆ ಗೋಡೆ ಪೂರಾ ಹಸಿರಾಗಿತ್ತು. ಹಾವಸೆ, ಅದರ ಮೇಲೆ ಜರಿಗಿಡ, ಕಲ್ಲಿನ ಸಂದಿಯಲ್ಲಿ ಹೆಸರಿಲ್ಲದ ಒಂದು ಸಣ್ಣ ಹೂವು.

"ತಾತ, ಇದಕ್ಕೆಲ್ಲ ಯಾರು ನೀರು ಹಾಕ್ತಾರೆ?"

"ಯಾರೂ ಇಲ್ಲ ಪುಟ್ಟ. ಮಳೆ."

"ಮಳೆ ಇಲ್ದೇ ಇದ್ದಾಗ?"

"ಒಣಗಿದ ಹಾಗೆ ಇರುತ್ತೆ. ಮಳೆ ಬಂದಾಗ ಮತ್ತೆ ಏಳುತ್ತೆ."

"ಮತ್ತೆ ನಮ್ಮನೆ ಗಿಡಕ್ಕೆ ಮಾತ್ರ ನೀನೇ ಯಾಕೆ ಬೇಕು?"

ಕುಂಡದ ಗಿಡದ ಬೇರಿಗೆ ಹೋಗಲು ಜಾಗವಿಲ್ಲವೆಂದು ನನ್ನ ಧರ್ಮವಿಚಾರವನ್ನು ಮಗುವಿನ ಮಟ್ಟಕ್ಕೆ ಇಳಿಸಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಅದನ್ನ ಕುಂಡದಲ್ಲಿ ಯಾಕೆ ಇಟ್ಟೆ?" ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇತ್ತು, ಆದರೆ ಏಳು ವರ್ಷದ ಮಗುವಿಗೆ ಹೇಳಲು ನಾಚಿಕೆಯಾಯಿತು. ನನಗೆ ಬೇಕಾಗಿತ್ತು, ಅದಕ್ಕೆ ಇಟ್ಟೆ. ಅಷ್ಟೇ.

ಭಾವನಿಗೂ ಆ ದಿನಗಳಲ್ಲಿ ಚಿಂತೆಯೇ. ಅಡಕೆಗೆ ಕೊಳೆರೋಗ ಬಾರದಂತೆ ಮಳೆ ಹಿಡಿಯುವುದಕ್ಕೆ ಮೊದಲು ಗೊನೆಗಳಿಗೆ ಔಷಧಿ ಹೊಡೆಯಬೇಕು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಬೋರ್ಡೋ ದ್ರಾವಣ. ಮರ ಹತ್ತುವ ಕೊನೆಗಾರರು ಜೂನಿನ ಮೊದಲ ವಾರ ಬರುವುದಾಗಿ ಹೇಳಿದ್ದರು. ಮಳೆ ಅವರಿಗಿಂತ ಮೊದಲು ಬಂತು. ಆದರೂ ಆತ ನನ್ನ ಹಾಗೆ ಅಂಗಳ ಅಳೆಯಲಿಲ್ಲ. ಬೆಳಗಾದರೆ ತಲೆಯ ಮೇಲೆ ಕಂಬಳಿಕೊಪ್ಪೆ ಹಾಕಿ, ಹಾರೆ ಹಿಡಿದು ತೋಟಕ್ಕೆ ಇಳಿಯುತ್ತಿದ್ದ. ನಾನೂ ಒಂದು ದಿನ ಹಿಂದೆ ಹೋದೆ. ಸಾಲುಮರಗಳ ನಡುವಿನ ಬಸಿಗಾಲುವೆಗಳಲ್ಲಿ ಸೋಗೆ, ಮಣ್ಣು ಕಟ್ಟಿಕೊಂಡಿತ್ತು. ಅದನ್ನು ತೆಗೆದು ನೀರು ಹರಿಯುವಂತೆ ಮಾಡುವುದೇ ಆತನ ಇಡೀ ದಿನದ ಕೆಲಸ.

"ಭಾವಾ, ನೀರು ಕೊಡೋದು ದೊಡ್ಡ ವಿದ್ಯೆ ಅಲ್ಲ" ಎಂದ ಆತ, ಹಾರೆಯ ಮೇಲೆ ಕೈಯೂರಿ. "ಬೇಡದ ನೀರು ತೆಗೆಯೋದೇ ತೋಟ. ಬೇರಿಗೂ ಉಸಿರು ಬೇಕಲ್ಲ."

ಬಾಯಾರಿದ ಗಿಡಕ್ಕಿಂತ ಹೆಚ್ಚು ಕುಂಡದ ಗಿಡಗಳು ಸಾಯುವುದು ನೀರು ಹೆಚ್ಚಾಗಿ ಎಂಬುದು ಪುಸ್ತಕದಲ್ಲಿ ಓದಿ ನನಗೂ ತಿಳಿದಿತ್ತು. ಮಣ್ಣಿನ ಸಂದಿಗಳಲ್ಲಿ ನೀರು ನಿಂತರೆ ಗಾಳಿಗೆ ಎಡೆಯಿಲ್ಲ. ಬೇರು ಉಸಿರುಕಟ್ಟಿ ಕೊಳೆಯುತ್ತದೆ. ತಿಳಿದಿದ್ದೂ ನನ್ನ ಎರಡು ಹಾಳೆಯ ಚೀಟಿಯಲ್ಲಿ "ಮಳೆ ಬಂದರೆ ಹಾಕಬೇಡಿ" ಎಂಬ ಒಂದು ಸಾಲು ಬರೆದಿರಲಿಲ್ಲವೆಂಬುದು ಆಗ ನೆನಪಾಯಿತು. ಬರೆಯುವಾಗ ನನ್ನ ಕಣ್ಣಮುಂದಿದ್ದದ್ದು ಗಿಡದ ಅಗತ್ಯವಲ್ಲ, ನನ್ನ ಕೊಡುಗೆ.

ಅತ್ತೆಗೆ 88 ವರ್ಷ. ಕಿವಿ ಸ್ವಲ್ಪ ಮಂದ; ಅದರಿಂದ ಅವರೊಡನೆ ಮಾತು ಎಂದರೆ ಕೂಗುವುದು, ಕೂಗಲು ಸಂಕೋಚವೆಂದು ನಾನು ಬಹಳ ವರ್ಷಗಳಿಂದ ನಮಸ್ಕಾರ ಮಾಡಿ ಕ್ಷೇಮ ಕೇಳಿ ಎದ್ದುಬಿಡುತ್ತಿದ್ದೆ. ಈ ಸಲ ಎದ್ದು ಹೋಗಲು ಜಾಗವಿರಲಿಲ್ಲ. ಚಳಿಗೆ ಅವರು ಬಚ್ಚಲ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂರುವರು. ಒಂದು ಸಂಜೆ ನಾನೂ ಹೋಗಿ ಕೂತೆ. ಹಂಡೆಯ ಕೆಳಗೆ ಬೆಂಕಿ, ಹೆಂಚಿನ ಮೇಲೆ ಮಳೆ. ಅವರೇ ಕೇಳಿದರು: "ನಾನು ಕೊಟ್ಟ ಮಲ್ಲಿಗೆ ಇದೆಯಾ?"

ಇಪ್ಪತ್ತು ವರ್ಷಕ್ಕೂ ಹಿಂದೆ ಅವರು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಬಳ್ಳಿಯ ತುಂಡು ಅದು. ನನ್ನ ಚೀಟಿಯ ಮೊದಲ ಹೆಸರು ಅದರದೇ. ಅದು ಯಾರು ಕೊಟ್ಟದ್ದೆಂಬುದು ಮಾತ್ರ ಮರೆತುಹೋಗಿತ್ತು. ಇದೆ, ಚೆನ್ನಾಗಿದೆ ಎಂದು ಕೂಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಬೆಂಕಿಯನ್ನು ನೋಡುತ್ತಿದ್ದು, ನನ್ನನ್ನು ಉದ್ದೇಶಿಸಿಯೋ ತಮಗೆ ತಾವೇಯೋ ತಿಳಿಯದಂತೆ ಮಾತಾಡತೊಡಗಿದರು.

"ನಮ್ಮ ತವರಲ್ಲಿ ಮಲ್ಲಿಗೆ ಚಪ್ಪರ ಇತ್ತು. ಆಗ ನಂಗೆ ಹತ್ತೋ ಹನ್ನೊಂದೋ. ಬೇಸಗೇಲಿ ದಿನಾ ಬಾವಿಯಿಂದ ಸೇದಿ ಬುಡಕ್ಕೆ ಹೊಯ್ಯೋದು ನನ್ನ ಕೆಲಸ. ಕೆಲಸದವರ ಕೇರಿಯ ಹೆಂಗಸು ಒಬ್ಬಳು ಕೊಡ ಹಿಡ್ಕೊಂಡು ಬರ್ತಿದ್ದಳು. ಅವರು ಬಾವಿ ಹತ್ರ ಬರೋ ಹಾಗಿರಲಿಲ್ಲ, ನಾವೇ ಸೇದಿ ದೂರದಿಂದ ಹೊಯ್ಯಬೇಕಿತ್ತು. ನನ್ನ ಗಿಡ ಎಲ್ಲಾ ಮುಗಿಯೋವರೆಗೂ ಅವಳು ಬಿಸಿಲಲ್ಲಿ ನಿಂತಿರ್ತಿದ್ದಳು. ಒಂದು ದಿನವೂ ಮೊದಲು ನಂಗೆ ಹೊಯ್ಯಿ ಅನ್ನಲಿಲ್ಲ. ನಂಗೂ ಹೊಳೀಲಿಲ್ಲ. ಈಗ ಹೊಳೆಯುತ್ತೆ. ಅವಳು ಹೋಗಿ ಎಷ್ಟು ಕಾಲ ಆಯ್ತೋ."

ಅವರು ಸುಮ್ಮನಾದರು. ನಾನೂ ಸುಮ್ಮನಾದೆ. ನನಗೆ 2024ರ ಬೇಸಗೆ ನೆನಪಿಗೆ ಬಂದಿತ್ತು.

ಓದುಗರಲ್ಲಿ ಬೆಂಗಳೂರಿನವರು ಅದನ್ನು ಮರೆತಿರಲಾರರು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದ್ದರು. ಮುಂದಿನ ಬೇಸಗೆಗೆ ನಗರದ ಅಂಚಿನ ಕೊಳವೆಬಾವಿಗಳು ಸಾಲುಸಾಲಾಗಿ ಬತ್ತಿದುವು. ಟ್ಯಾಂಕರಿಗೆ ಕಾಯುವುದು, ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಲ್ಲುವುದು ಅನೇಕ ಬಡಾವಣೆಗಳ ದಿನಚರಿಯಾಯಿತು. ಕಾವೇರಿಯ ನೀರಾದರೋ ಸುಮಾರು 100 ಕಿಲೋಮೀಟರು ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತವಾಗಿ ಮೇಲೆತ್ತಿಸಿಕೊಂಡು ಬರಬೇಕು. ಆ ಮಾರ್ಚಿಯಲ್ಲಿ ಮಂಡಳಿಯವರು ಕುಡಿಯುವ ನೀರಿನಿಂದ ಕಾರು ತೊಳೆಯಬಾರದು, ಕೈತೋಟಕ್ಕೆ ಹಾಯಿಸಬಾರದು, ತಪ್ಪಿದರೆ 5000 ರೂಪಾಯಿ ದಂಡ ಎಂದು ಆಜ್ಞೆ ಹೊರಡಿಸಿದರು. ಏಪ್ರಿಲ್ ತಿಂಗಳಲ್ಲಿ ಅಳತೆಗೆ ಸಿಕ್ಕುವಷ್ಟು ಮಳೆಯೂ ನಗರದಲ್ಲಿ ಬೀಳಲಿಲ್ಲ.

ನಮ್ಮ ರಸ್ತೆಗೆ ಕಾವೇರಿಯ ನೀರು ತಪ್ಪಲಿಲ್ಲ. ಎರಡು ದಿನಕ್ಕೊಮ್ಮೆ ಸಂಪು ತುಂಬುತ್ತಿತ್ತು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಇವುಗಳನ್ನೆಲ್ಲ ಬಕೆಟ್ಟಿಗೆ ತುಂಬಿ ನಾನು ತಾರಸಿಗೆ ಹೊತ್ತೆ. ಹತ್ತು ಹದಿನೈದು ಕುಂಡಕ್ಕೆ ಸಾಲುತ್ತಿತ್ತು. ಉಳಿದವು ಬಾಡಿದುವು. ಒಂದು ರಾತ್ರಿ ಹತ್ತು ಗಂಟೆಯ ಮೇಲೆ, ತಾರಸಿಯ ದೀಪ ಹಾಕದೆ, ನಲ್ಲಿಯಿಂದ ಮೂರು ಬಕೆಟ್ಟು ಹಿಡಿದು ಹಾಕಿದೆ. ಮರುದಿನವೂ ಹಾಕಿದೆ. ಹೀಗೆ ಸುಮಾರು ಆರು ವಾರ.

ನಮ್ಮ ಮನೆಯ ಕೆಲಸದಾಕೆ ಆ ದಿನಗಳಲ್ಲಿ ತಡವಾಗಿ ಬರುತ್ತಿದ್ದಳು. ಅವರ ಬೀದಿಗೆ ಟ್ಯಾಂಕರು ಬರುವ ಹೊತ್ತು ಗೊತ್ತಿರುತ್ತಿರಲಿಲ್ಲ. ತಡವಾಯಿತೆಂದು ನನ್ನಾಕೆ ಗೊಣಗುವಳು, ಆಕೆ "ನೀರು ಅಮ್ಮ" ಎನ್ನುವಳು, ಮಾತು ಅಲ್ಲಿಗೆ ಮುಗಿಯುವುದು. ಒಂದು ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಹರಡುತ್ತಿದ್ದಾಗ ಆಕೆ ಒಂದು ಕುಂಡದ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಗಿಡ ತಂಪಾಗಿವೆ ಸಾರ್" ಎಂದಳು. ಅಷ್ಟೇ ಅಂದದ್ದು. ಅದರಲ್ಲಿ ಕೊಂಕಿರಲಿಲ್ಲ. ನಾನು ಕೇಳಿಸದವನಂತೆ ಕೆಳಗಿಳಿದು ಬಂದೆ.

ಆ ರಾತ್ರಿ ಬಚ್ಚಲ ಒಲೆಯ ಮುಂದಿನಿಂದ ಎದ್ದು ಬಂದು ಮಲಗಿದವನಿಗೆ ನಿದ್ದೆ ಬರಲಿಲ್ಲ. ನನ್ನ ಪರವಾಗಿ ನಾನೇ ವಕೀಲನಾಗಿ ವಾದ ಹೂಡಿದೆ. ಮೊದಲನೆಯ ವಾದ: ನಾನು ಬಳಸಿದ ನೀರಿಗೆ ನಾನು ಹಣ ಕೊಟ್ಟಿದ್ದೇನೆ. ಇದು ನಿಲ್ಲಲಿಲ್ಲ. ಬರಗಾಲದಲ್ಲಿ ದುಡ್ಡಿದ್ದವನು ಅಕ್ಕಿಯನ್ನು ಕೊಂಡು ಕಣಜದಲ್ಲಿ ಕೊಳೆಸಿದರೆ ಕೊಂಡದ್ದೆಂಬ ಕಾರಣದಿಂದ ಅದು ನ್ಯಾಯವಾಗುವುದಿಲ್ಲ. ಎರಡನೆಯ ವಾದ ಗಟ್ಟಿಯಾದದ್ದು: ನಾನು ಆ ಮೂರು ಬಕೆಟ್ಟನ್ನು ಉಳಿಸಿದ್ದರೂ ಅದು ಆಕೆಯ ಬೀದಿಯನ್ನು ಮುಟ್ಟುತ್ತಿರಲಿಲ್ಲ; ನಮ್ಮ ಕೊಳವೆ ಬೇರೆ, ಅವರ ಟ್ಯಾಂಕರು ಬೇರೆ. ಇದು ನಿಜ. ಹಾಗಾದರೆ ನನ್ನಿಂದ ಯಾರಿಗೂ ಏನೂ ನಷ್ಟವಾಗಲಿಲ್ಲವಷ್ಟೆ? ಆದರೆ ನಷ್ಟವಾಗದಿದ್ದರೆ ದೀಪವನ್ನೇಕೆ ಹಾಕಲಿಲ್ಲ? ದಂಡದ ಭಯವೆಂದು ಹೇಳಿಕೊಳ್ಳಬಹುದು. ಸುಳ್ಳು. ದಂಡ ಹಾಕುವ ಅಧಿಕಾರಿ ಬಂದು ಕಂಡಿದ್ದರೆ ನಾನು ಅಷ್ಟು ನಾಚುತ್ತಿರಲಿಲ್ಲ. ನಾನು ಅಂಜಿದ್ದು ಆಕೆಯ ಕಣ್ಣಿಗೆ.

ಮೂರನೆಯ ವಾದವೇ ನನ್ನ ಹಳೆಯ ಧರ್ಮವಿಚಾರ. ಆಕೆಯ ನೀರಿಗೆ ಹೊಣೆಯಾದವರು ಹಲವರಿದ್ದಾರೆ, ಸರ್ಕಾರವಿದೆ, ಮಂಡಳಿಯಿದೆ. ಈ ಗಿಡಗಳಿಗೆ ನಾನೊಬ್ಬನೇ. ನಾನು ಹಾಕದಿದ್ದರೆ ಇನ್ನಾರೂ ಹಾಕರು. ಹೀಗೆ ವಾದಿಸುವಾಗ ಶಕುಂತಲೆಯನ್ನೂ ಸಾಕ್ಷಿಗೆ ಕರೆದಿದ್ದೆ. ಆಶ್ರಮದ ಗಿಡಗಳಿಗೆ ನೀರೆರೆಯದೆ ಆಕೆ ತಾನು ನೀರು ಮುಟ್ಟುತ್ತಿರಲಿಲ್ಲವೆಂದು ಕಾಳಿದಾಸನ ನಾಟಕದಲ್ಲಿ ಕಣ್ವರು ಮರಗಳಿಗೆ ಹೇಳುತ್ತಾರೆ. ಆ ಕತ್ತಲೆಯಲ್ಲಿ ಮಲಗಿದ್ದಾಗ ಶಕುಂತಲೆ ಎದುರು ಪಕ್ಷದ ಸಾಕ್ಷಿಯಾದಳು. ಆಕೆ ಗಿಡಗಳಿಗಾಗಿ ತಡೆದದ್ದು ತನ್ನ ಬಾಯಾರಿಕೆಯನ್ನು, ಇನ್ನೊಬ್ಬರ ಬಾಯಾರಿಕೆಯನ್ನಲ್ಲ. ನನ್ನ ಕುಂಡಗಳ ಋಣ ನಿಜವಾದ ಋಣವೇ. ಆದರೆ ಅದು ನಾನು ನನ್ನ ಸುಖಕ್ಕೆ ಮಾಡಿಕೊಂಡ ಸಾಲ. ಸಾಲ ತೀರಿಸುವುದು ಧರ್ಮ. ಪಕ್ಕದವನ ಜೇಬಿಗೆ ಕೈಹಾಕಿ ತೀರಿಸುವುದು ಧರ್ಮವಲ್ಲ. ನನ್ನ ಸ್ನಾನದ ನೀರನ್ನು ಒಂದು ಬಕೆಟ್ಟು ಕಡಿಮೆ ಮಾಡಿ ಮಲ್ಲಿಗೆಗೆ ಹಾಕಿದ್ದರೆ ಶಕುಂತಲೆಯ ಹೆಸರೆತ್ತುವ ಯೋಗ್ಯತೆ ಬರುತ್ತಿತ್ತು. ಆ ಆರು ವಾರ ನಾನು ದಿನವೂ ಎರಡು ಸಲ ಸ್ನಾನ ಮಾಡಿದೆ, ಸೆಕೆ ಬಹಳವಿತ್ತು.

ಇಷ್ಟಾದರೂ ನನ್ನ ತಪ್ಪಿನ ಬುಡ ಇನ್ನೂ ಸಿಕ್ಕಿರಲಿಲ್ಲ. ಅದು ನೀರಿನಲ್ಲಿರಲಿಲ್ಲ. ಆ ಬೇಸಗೆಯಲ್ಲಿ ನಾನು ದಿನವೂ 41 ಕುಂಡಗಳ ಮಣ್ಣಿಗೆ ಬೆರಳಿಟ್ಟು, ತೇವವಿದೆಯೇ ಎಂದು ನೋಡುತ್ತಿದ್ದೆ. ದಿನವೂ ನಮ್ಮ ಪಾತ್ರೆ ತೊಳೆಯುವವಳನ್ನು "ನಿಮ್ಮ ಮನೆಗೆ ನೀರು ಬಂತೇನಮ್ಮ?" ಎಂದು ಒಂದು ಸಲವೂ ಕೇಳಲಿಲ್ಲ. ಗಮನವೂ ನೀರಿನ ಹಾಗೆಯೇ ಮಿತವಾದ ಪದಾರ್ಥ. ನನ್ನಲ್ಲಿದ್ದಷ್ಟನ್ನೂ ಕುಂಡಗಳು ಕುಡಿದುಬಿಟ್ಟಿದ್ದುವು. ಕುಡಿಸಿದವನು ನಾನು. ಏಕೆಂದರೆ ಗಿಡ ಸುಲಭ. ಅದಕ್ಕೆ ಒಂದು ಚೊಂಬು ಹಾಕಿದರೆ ಅಂದಿನ ಋಣ ಅಂದಿಗೆ ಮುಗಿಯಿತು. ಮರುದಿನ ಹೂವನ್ನೂ ಕೊಡುತ್ತದೆ. ಮನುಷ್ಯರನ್ನು ಒಂದು ಪ್ರಶ್ನೆ ಕೇಳಿದರೆ ಉತ್ತರಕ್ಕೂ ನಾವೇ ಹೊಣೆಯಾಗಬೇಕಾಗುತ್ತದೆ. ಆಕೆ "ಇಲ್ಲ" ಎಂದಿದ್ದರೆ ನಾನು ಏನು ಮಾಡಬೇಕಾಗಿತ್ತು ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಲೋಕದಲ್ಲಿ ಯಾರೋ ಒಬ್ಬರು ಬಾಯಾರಿರುವವರೆಗೂ ಯಾರೂ ಮಲ್ಲಿಗೆ ಬೆಳೆಯಬಾರದೆ, ಹಾಗಾದರೆ ವೀಣೆಯನ್ನೂ ನುಡಿಸಬಾರದೆ ಎಂದು ನನ್ನ ಮಿತ್ರರೊಬ್ಬರು ಮುಂದೆ ಈ ವಿಷಯ ಬಂದಾಗ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಅಷ್ಟು ದೂರ ಹೋಗಲಾರೆ. ಸೌಂದರ್ಯವಿಲ್ಲದ ನ್ಯಾಯವೂ ಬದುಕಿಗೆ ಒಗ್ಗುವುದಿಲ್ಲ. ಆದರೆ ಲೋಕದ ಎಲ್ಲರ ಬಾಯಾರಿಕೆಯ ಮಾತು ಬೇರೆ. ಕೊಡ ಹಿಡಿದು ನಮ್ಮ ಅಂಗಳದಲ್ಲಿ ನಿಂತವಳ ಮಾತು ಬೇರೆ. ಅತ್ತೆಯ ನೆನಪು ಅವರನ್ನು ಎಂಬತ್ತೆಂಟರಲ್ಲಿ ಚುಚ್ಚುತ್ತಿದ್ದದ್ದು ಅವರು ಮಲ್ಲಿಗೆಗೆ ನೀರು ಹೊಯ್ದರೆಂಬುದಕ್ಕಲ್ಲ; ಮೊದಲು ಹೊಯ್ದರೆಂಬುದಕ್ಕೆ.

ಈ ಸಂದರ್ಭದಲ್ಲಿ ನನಗೆ ಸಾಲುಮರದ ತಿಮ್ಮಕ್ಕನವರ ನೆನಪಾಗುತ್ತದೆ. 2025ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಪ್ರಶಸ್ತಿಗಳ ಪಟ್ಟಿಯನ್ನು ಅಚ್ಚುಹಾಕಿದುವು. 2019ರ ಪದ್ಮಶ್ರೀಯೂ ಅದರಲ್ಲಿತ್ತು. ನನ್ನ ಮನಸ್ಸು ನಿಂತದ್ದು ಅವರ ಕೊಡದ ಮೇಲೆ. ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಗಂಡಹೆಂಡಿರು ಆಲದ ಸಸಿ ನೆಟ್ಟು, ಕೂಲಿ ಕೆಲಸದ ನಡುವೆ ಕೊಡದಲ್ಲಿ ನೀರು ಹೊತ್ತು ಹಾಕಿದರು. ಅವರಿಗೂ ಅದು ಮಕ್ಕಳ ಮೇಲಿನ ಮಮತೆಯೇ. ಆದರೆ ಆ ಸಸಿಗಳು ನೆಲದಲ್ಲಿದ್ದುವು. ಮಳೆಗಾಲದ ಮುಂದೆ ನೆಟ್ಟದ್ದು. ಕೆಲವು ಬೇಸಗೆ ಕೈಹಿಡಿದು ದಾಟಿಸಿದರೆ ಬೇರು ಇಳಿದು, ಅವರ ಕೊಡದ ಹಂಗೇ ಇಲ್ಲದಂತೆ ಬೆಳೆಯತಕ್ಕವು. ನೆರಳು ಹೋದದ್ದು ದಾರಿಹೋಕರಿಗೆ. ಒಂದು ಮಮತೆ ತನ್ನ ಅಗತ್ಯವೇ ತಪ್ಪಿಹೋಗಲೆಂದು ದುಡಿಯುತ್ತದೆ. ಇನ್ನೊಂದು ತನ್ನ ಅಗತ್ಯ ಎಂದಿಗೂ ತಪ್ಪದಿರಲೆಂದು ಗೋಡೆ ಕಟ್ಟುತ್ತದೆ. ಮಕ್ಕಳನ್ನು ಬೆಳೆಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೇ 28ರಂದು ನಾವು ಬೆಂಗಳೂರಿಗೆ ಮರಳಿದೆವು. ಚೀಲ ಇಳಿಸಿ ಮೊದಲು ತಾರಸಿಗೆ ಹೋದೆ. ಇಲ್ಲಿಯೂ ಮಳೆ ಸುರಿದು ಕುಂಡಗಳೆಲ್ಲ ತೊಯ್ದಿದ್ದುವು. ಆದರೆ ಪ್ರತಿಯೊಂದು ಕುಂಡದ ಕೆಳಗಿದ್ದ ತಟ್ಟೆಯನ್ನೂ ತೆಗೆದು ಗೋಡೆಗೆ ಒರಗಿಸಿತ್ತು. ಕುಂಡಗಳನ್ನು ಇಟ್ಟಿಗೆಯ ಚೂರಿನ ಮೇಲೆ ಸ್ವಲ್ಪ ವಾರೆಯಾಗಿ ಏರಿಸಿತ್ತು, ನೀರು ನಿಲ್ಲುವಂತಿರಲಿಲ್ಲ. ಗುಲಾಬಿಯೊಂದು ಹೋಗಿತ್ತು. ಉಳಿದುವೆಲ್ಲ ಬದುಕಿದ್ದುವು.

ಮರುದಿನ ಆಕೆ ಬಂದಾಗ ಚೀಟಿಯನ್ನು ಮಡಿಸಿದ ಹಾಗೆಯೇ ಹಿಂದಕ್ಕೆ ಕೊಟ್ಟಳು. "ದಿನಾ ಹಾಕಿ ಅಂತ ಬರೆದಿದ್ರಿ ಸಾರ್. ನಾನು ಹಾಕಲಿಲ್ಲ. ಮಳೆ ಬರ್ತಿತ್ತಲ್ಲ."

"ಇದನ್ನೆಲ್ಲ ಎಲ್ಲಿ ಕಲಿತೆಯಮ್ಮ?"

"ಊರಲ್ಲಿ ದಾಳಿಂಬೆ ಹಾಕಿದ್ವಿ. ಬೋರು ನಿಂತೋಯ್ತು, ಇಲ್ಲಿಗೆ ಬಂದ್ವಿ."

ಒಂಬತ್ತು ವರ್ಷದಿಂದ ನಮ್ಮ ಮನೆಗೆ ಬರುತ್ತಿರುವವಳು ಬೇಸಾಯಗಾರ್ತಿಯೆಂಬುದು ನನಗೆ ತಿಳಿದದ್ದು ಆ ದಿನ. ನಾನು ತೊದಲುತ್ತ, "ಹೋದ ವರ್ಷ ಬೇಸಗೆಯಲ್ಲಿ..." ಎಂದು ತೊಡಗಿದೆ. ಆಕೆ ಪೊರಕೆಯನ್ನು ನಿಲ್ಲಿಸಲಿಲ್ಲ. "ಗೊತ್ತು ಸಾರ್. ಬುಡ ಒದ್ದೆ ಇರ್ತಿತ್ತು" ಎಂದಳು.

"ಒಂದೆರಡು ಕೊಡ ಕೇಳಬಾರದಾಗಿತ್ತೇ?"

"ನೀವು ಕೊಡಲ್ಲ ಅಂತಲ್ಲ ಸಾರ್. ನೀರು ಕೇಳೋಕೆ ಒಂಥರಾ ಆಗುತ್ತೆ."

ನಾನು ಕತ್ತಲಲ್ಲಿ ನೀರು ಹಾಕುವಾಗ ಪಟ್ಟ ನಾಚಿಕೆಗಿಂತ ಆಕೆ ಹಗಲಿನಲ್ಲಿ ಕೇಳದೆ ಪಟ್ಟ ನಾಚಿಕೆ ದೊಡ್ಡದು. ನನ್ನದು ತಪ್ಪು ಮಾಡಿದವನ ನಾಚಿಕೆ. ಆಕೆಯದು ಏನೂ ತಪ್ಪಿಲ್ಲದವಳದು. ಕೇಳಬೇಕಾದವನು ನಾನಾಗಿದ್ದೆ.

ಈಗ ತಾರಸಿಯ ಮೇಲೆ 17 ಕುಂಡಗಳಿವೆ. ಅಡಿಗೆಮನೆಯಿಂದ ಬರುವ ನೀರು ಬೇಸಗೆಯಲ್ಲಿಯೂ ಅಷ್ಟಕ್ಕೆ ಸಾಲುತ್ತದೆ. ಲೆಕ್ಕ ಹಾಕಿಯೇ ಇಟ್ಟದ್ದು. ಉಳಿದವನ್ನು ನೆಲವಿದ್ದವರಿಗೆ ಹಂಚಿದೆ. ನಿನಗೂ ಕೆಲವು ಕೊಡುತ್ತೇನೆಂದು ಆಕೆಗೆ ಹೇಳಿದಾಗ, "ಇಡೋಕೆ ಜಾಗ ಎಲ್ಲಿ ಸಾರ್" ಎಂದು ನಕ್ಕು, ಒಂದು ಕರಿಬೇವಿನ ಸಸಿಯನ್ನು ಮಾತ್ರ ತೆಗೆದುಕೊಂಡು ಹೋದಳು. ಅತ್ತೆಯ ಮಲ್ಲಿಗೆಯನ್ನು ಗೇಟಿನ ಪಕ್ಕದ ಎರಡಡಿ ಮಣ್ಣಿಗೆ ಇಳಿಸಿದೆ. ಕುಂಡ ಒಡೆದು ತೆಗೆದಾಗ ಬೇರು ಮಡಕೆಯ ಆಕಾರಕ್ಕೇ ಸುತ್ತಿಕೊಂಡಿತ್ತು; ಬಿಡಿಸಲು ಮೊಮ್ಮಗಳೂ ನಾನೂ ಒಂದು ಬೆಳಿಗ್ಗೆ ಪೂರಾ ಕೂತೆವು. ಮೊದಲ ಬೇಸಗೆಗೆ ಅದಕ್ಕೆ ನೀರು ಬೇಕಾಗುತ್ತದೆ. ಆಮೇಲೆ ಬೇಡವಾಗಬಹುದು ಎಂದು ಭಾವ ಹೇಳಿದ್ದಾನೆ.

ಆಕೆ ಬಂದಾಗ ಈಗ ನಾನು ಕೇಳುತ್ತೇನೆ, ನೀರು ಬಂತೇ ಎಂದು. ಬಹಳ ದಿನ "ಬಂತು ಸಾರ್" ಎನ್ನುತ್ತಾಳೆ. "ಇಲ್ಲ" ಎಂದ ದಿನ, ಗಿಡಗಳು ಸ್ವಲ್ಪ ಹೊತ್ತು ಕಾಯುತ್ತವೆ.